ಬಾಸಿಂಗಿಯ ಉಪ್ಪು

ನಮ್ಮೂರಿನ ಹಸುಗಳು ಬೆದೆಗೆ ಬಂದಾಗ ಕೂಗುವುದಿಲ್ಲ. ಹಗ್ಗ ಜಗ್ಗುವುದಿಲ್ಲ, ಮೇವು ಬಿಡುವುದಿಲ್ಲ, ಎಂದಿನಂತೆ ಮೆಲುಕು ಹಾಕುತ್ತಾ ನಿಂತಿರುತ್ತವೆ. ಒಳಗೆ ಕೈ ಹಾಕಿ ನೋಡಿದರೂ ಬೆದೆ ತಿಳಿಯುವುದಿಲ್ಲ. ಇಪ್ಪತ್ತೆರಡು ವರ್ಷ ಕೈ ಹಾಕಿದವಳು ನಾನು, ಈ ಮಾತನ್ನು ನಂಬಬಹುದು. ಅದರ ಬದಲು, ಹಸು ಯಾರ ಕೈಗೆ ಒಗ್ಗಿಕೊಂಡಿದೆಯೋ ಅವರ ನಾಲಿಗೆಯಿಂದ ಉಪ್ಪು ಹೋಗುತ್ತದೆ. ಹುಳಿ ಇರುತ್ತದೆ, ಖಾರ ಇರುತ್ತದೆ, ಉಪ್ಪು ಮಾತ್ರ ಇರುವುದಿಲ್ಲ. ಹರಳುಪ್ಪನ್ನು ಬಾಯಿಗೆ ಹಾಕಿಕೊಂಡರೆ ಮರಳು ಅಗಿದಂತಾಗುತ್ತದೆ. ಒಂದು ಹಗಲು ಒಂದು ರಾತ್ರಿ ಹೀಗಿದ್ದು ಆಮೇಲೆ ತಾನಾಗಿ ಮರಳುತ್ತದೆ.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯ ಮೊದಲರ್ಧ ನಮ್ಮವರಿಗೆ ಇಪ್ಪತ್ತೊಂದು ದಿನಕ್ಕೊಮ್ಮೆ ಮನದಟ್ಟಾಗುತ್ತದೆ. ಬಸ್ ನಿಲ್ದಾಣದ ಹೋಟೆಲಿನಲ್ಲಿ ಇಡ್ಲಿ ತಂದಿಡುವವನು, "ಉಪ್ಪು ಐತಾ, ಹೋಗೈತಾ?" ಎಂದು ಕೇಳಿಯೇ ಸಾಂಬಾರು ಹುಯ್ಯುತ್ತಾನೆ. ಮದುವೆಗೆ ಅಡಿಗೆಯವರನ್ನು ಗೊತ್ತುಮಾಡುವಾಗ ಅವರ ಮನೆಯಲ್ಲಿ ಹಸು ಇದೆಯೇ ಎಂದು ಮೊದಲು ವಿಚಾರಿಸುತ್ತಾರೆ. ಬೇರೆ ಊರುಗಳಲ್ಲಿ ಗಂಡ ಸಾರು ಸಪ್ಪೆ ಎಂದರೆ ಜಗಳವಾಗುತ್ತದಂತೆ. ನಮ್ಮೂರಿನಲ್ಲಿ ನನಗೆ ಫೋನು ಬರುತ್ತದೆ.

ನಾನು ರಾಜಮಣಿ. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ನನ್ನ ಕೆಲಸ. ಅಷ್ಟುದ್ದದ ಹೆಸರು ಯಾರಿಗೆ ಬೇಕು, ಜನ ಇಂಜೆಕ್ಷನ್ ಅನ್ನುತ್ತಾರೆ. ಹೋರಿಯ ವೀರ್ಯವನ್ನು ತಣ್ಣಗಿಡುವ, ಹೊಗೆಯಾಡುವ ನೈಟ್ರೋಜನ್ ಕ್ಯಾನನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಮನೆಮನೆಗೆ ಹೋಗುತ್ತೇನೆ. ಬೆಳಗ್ಗೆ ಹೋದ ಉಪ್ಪಿಗೆ ಸಂಜೆ, ಸಂಜೆ ಹೋದ ಉಪ್ಪಿಗೆ ಮರುದಿನ ಬೆಳಗ್ಗೆ. ಇದಿಷ್ಟೇ ನನ್ನ ಶಾಸ್ತ್ರ. ಹೊತ್ತು ತಪ್ಪಿದರೆ ಎಂಥ ಒಳ್ಳೆಯ ಹೋರಿಯ ವೀರ್ಯವಾದರೂ ನೀರು ಪಾಲು. ಆಮೇಲೆ ಇಪ್ಪತ್ತೊಂದನೆಯ ದಿನ ಉಪ್ಪು ಮತ್ತೆ ಹೋದರೆ ಹಸು ನಿಂತಿಲ್ಲ ಎಂದು ಅರ್ಥ. ಮರುದಿನ ಸಂಜೆಯವರೆಗೂ ಉಪ್ಪು ಉಳಿದರೆ ಗಬ್ಬವಾಗಿದೆ ಎಂದು ಅರ್ಥ.

ನಾಲಿಗೆಯಲ್ಲಿ ಉಪ್ಪು ಹೋಗುವವರನ್ನು ನಮ್ಮಲ್ಲಿ ಉಪ್ಪಿನವರು ಎನ್ನುತ್ತೇವೆ. ಮನೆಗೊಬ್ಬರು. ಹಸುವಿನ ವಿಷಯದಲ್ಲಿ ಕೊನೆಯ ಮಾತು ಅವರದೇ. ಯಾವಾಗ ಇಂಜೆಕ್ಷನ್, ಯಾವ ಕರು ಉಳಿಸಬೇಕು, ಯಾವುದನ್ನು ಮಾರಬೇಕು ಎಲ್ಲವನ್ನೂ ಅವರು ಹೇಳಬೇಕು. ಅವರು ಕರೆಯದೆ ನಾನು ಕೊಟ್ಟಿಗೆಗೆ ಕಾಲಿಡುವಂತಿಲ್ಲ. ಉಪ್ಪಿನವರು ಸತ್ತರೆ ಮಾತ್ರ ಉಪ್ಪು ಇನ್ನೊಬ್ಬರಿಗೆ ದಾಟುತ್ತದೆ ಎಂದು ಊರಿನ ನಂಬಿಕೆ. ನಂಬಿಕೆ ಊರಿನದು, ಹಸುಗಳದ್ದಲ್ಲ. ಈ ಕಥೆ ಅಲ್ಲಿಂದಲೇ ಶುರುವಾದದ್ದು.

ಹಿಪ್ಪುನೇರಳೆ ತೋಟದ ಪಕ್ಕದ ಮನೆಯ ದ್ಯಾವೀರಮ್ಮ ನಲವತ್ತು ವರ್ಷದಿಂದ ಉಪ್ಪಿನವರು. ಮದುವೆಯಾಗಿ ಬಂದ ಮೊದಲ ವರ್ಷವೇ ಉಪ್ಪು ಹೋಗಿತ್ತಂತೆ. ಈಗ ಕೊಟ್ಟಿಗೆಯಲ್ಲಿರುವ ಬಾಸಿಂಗಿಯ ಅಜ್ಜಿಯನ್ನೂ ಅಮ್ಮನನ್ನೂ ಅವರೇ ಸಾಕಿದ್ದು. ಹಣೆಯ ಮೇಲೆ ಬಾಸಿಂಗ ಕಟ್ಟಿದಂಥ ಬಿಳಿ ಪಟ್ಟೆ ಇದ್ದುದರಿಂದ ಆ ಹೆಸರು. ಮನೆಗೆ ಇದ್ದದ್ದು ಅದೊಂದೇ ಹಸು. ಮನೆಯಲ್ಲಿ ಮಗ ಮರಿಸ್ವಾಮಿ, ಮದುವೆಯಾಗಿ ಮೂರು ವರ್ಷವಾದ ಸೊಸೆ ಸುಕನ್ಯ. ದ್ಯಾವೀರಮ್ಮನ ಬಾಯಿ ಜೋರು. ಸೊಸೆ ಹಾಲು ಕರೆಯಲು ಕೂತರೆ, "ಅದೇನು ಕೆಚ್ಚಲೋ ಗಂಟೆಯೋ, ಹಂಗೆ ಎಳೀತೀಯಲ್ಲ!" ಎಂದು ಎಬ್ಬಿಸಿ ತಾವೇ ಕೂರುತ್ತಿದ್ದರು. ಸುಕನ್ಯ ನಕ್ಕು ಏಳುತ್ತಿದ್ದಳು. ನೋಡುವವರಿಗೆ ಪಾಪ ಅನ್ನಿಸುತ್ತಿತ್ತು. ಅವಳಿಗೆ ಅನ್ನಿಸಿದಂತಿರಲಿಲ್ಲ.

ಕಳೆದ ಆಷಾಢದಲ್ಲಿ ದ್ಯಾವೀರಮ್ಮ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದು ಸೊಂಟ ಉಳುಕಿಸಿಕೊಂಡರು. ಒಂದೂವರೆ ತಿಂಗಳು ಹಾಸಿಗೆ. ಎದ್ದ ಮೇಲೂ ಕೋಲಿಲ್ಲದೆ ನಾಲ್ಕು ಹೆಜ್ಜೆ ಇಡಲಾರರು, ನೆಲಕ್ಕೆ ಕೂರಲಂತೂ ಆಗುವುದೇ ಇಲ್ಲ. ಬಾಸಿಂಗಿಯ ಮೇವು, ನೀರು, ಮೈತೊಳೆತ, ಹಾಲು ಎಲ್ಲ ಸುಕನ್ಯಳ ಪಾಲಿಗೆ ಬಂತು. ಉಪ್ಪಿನ ಸುದ್ದಿ ಮಾತ್ರ ದ್ಯಾವೀರಮ್ಮನ ಬಾಯಿಂದಲೇ ಬರುತ್ತಿತ್ತು. ಹಾಸಿಗೆಯಿಂದಲೇ ಕೂಗಿ ಹೇಳಿದರು, "ಉಪ್ಪು ಹೋಗೈತೆ, ರಾಜಮಣಿಗೆ ಫೋನ್ ಮಾಡು ಕಣ್ಲಾ." ನಾನು ಹೋದೆ, ಇಂಜೆಕ್ಷನ್ ಕೊಟ್ಟೆ. ನಿಲ್ಲಲಿಲ್ಲ. ಇಪ್ಪತ್ತೊಂದು ದಿನಕ್ಕೆ ಮತ್ತೆ ಕರೆ. ಮತ್ತೆ ನಿಲ್ಲಲಿಲ್ಲ. ಹೀಗೆ ನಾಲ್ಕು ಸಲ ಆಯಿತು.

ನಾಲ್ಕನೆಯ ಸಲದ ಹೊತ್ತಿಗೆ ಊರಿನಲ್ಲಿ ನನ್ನ ಕೈಗುಣದ ಬಗ್ಗೆ ಮಾತು ಎದ್ದಿತ್ತು. "ರಾಜಮಣಕ್ಕನ ಕೈ ಮೊದಲಿನಂಗಿಲ್ಲ ಬುಡು," ಎಂದು ಹಾಲಿನ ಡೇರಿಯ ಸಾಲಿನಲ್ಲಿ ಯಾರೋ ಅಂದದ್ದು ನನ್ನ ಕಿವಿಗೇ ಬಿತ್ತು. ಮನಸ್ಸಿಗೆ ಚುಚ್ಚಿತು, ಸುಳ್ಳು ಯಾಕೆ ಹೇಳಲಿ. ಕ್ಯಾನಿನಲ್ಲಿ ನೈಟ್ರೋಜನ್ ಇಳಿದಿದೆಯೇ ಎಂದು ದಿನಕ್ಕೆರಡು ಸಲ ಕಡ್ಡಿ ಅದ್ದಿ ನೋಡಿದೆ. ವೀರ್ಯ ಕರಗಿಸುವ ಬಿಸಿನೀರಿನ ಹದ ಪರೀಕ್ಷಿಸಲು ಹೊಸ ಥರ್ಮಾಮೀಟರ್ ತಂದೆ. ಎಲ್ಲವೂ ಸರಿಯಿತ್ತು. ಬೇರೆ ಮನೆಯ ಹಸುಗಳು ನಿಲ್ಲುತ್ತಲೂ ಇದ್ದವು. ಬಾಸಿಂಗಿ ಮಾತ್ರ ನಿಲ್ಲುತ್ತಿರಲಿಲ್ಲ.

ಮರಿಸ್ವಾಮಿ ಕೆಟ್ಟವನಲ್ಲ. ಆದರೆ ಹಾಲು ಬತ್ತುತ್ತಾ ಬಂದ, ಗಬ್ಬವಾಗದ ಹಸುವಿಗೆ ಎಷ್ಟು ದಿನ ಮೇವು ತರುತ್ತಾನೆ? "ಇದೂ ನಿಲ್ಲದೆ ಐದನೇ ಸಲಾನೂ ನಿಲ್ಲಲಿಲ್ಲ ಅಂದ್ರೆ ನಿಂಗಯ್ಯನಿಗೆ ಮಾರಿಬಿಡ್ತೀನಿ, ಆಮೇಲೆ ಯಾರೂ ಅಳಬೇಡಿ," ಎಂದು ತಾಯಿಯ ಮುಂದೆಯೇ ಹೇಳಿದ. ದಲ್ಲಾಳಿ ನಿಂಗಯ್ಯ ಕೊಂಡ ಬರಡು ಹಸುಗಳು ಎಲ್ಲಿಗೆ ಹೋಗುತ್ತವೆ ಎಂದು ನಮ್ಮೂರಿನಲ್ಲಿ ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ದ್ಯಾವೀರಮ್ಮ, "ಆಯ್ತು. ಐದನೇದು ಆಗ್ಲಿ, ನಾನು ಅಡ್ಡ ಬರಲ್ಲ," ಎಂದರಂತೆ.

ಅದಾಗಿ ಎರಡು ವಾರಕ್ಕೆ ನಾನು ಅವರ ಎದುರುಮನೆಯ ಕರುವಿಗೆ ನಂಬರಿನ ಕಿವಿಯೋಲೆ ಹಾಕಲು ಹೋಗಿದ್ದೆ. ಭಾನುವಾರ, ಹನ್ನೊಂದು ಗಂಟೆಯ ಬಿಸಿಲು. ಜಗಲಿಯ ಮಂಚದ ಮೇಲೆ ಕೂತಿದ್ದ ದ್ಯಾವೀರಮ್ಮ, "ಬಾರೇ ರಾಜಮಣಿ, ಒಸಿ ಮಜ್ಜಿಗೆ ಕುಡ್ಕೊಂಡು ಹೋಗು, ನಾನೇ ಕಡೆದದ್ದು," ಎಂದು ಕರೆದರು. ಸುಕನ್ಯ ಮೂರು ಲೋಟ ತಂದಳು. ನಾನು ಒಂದು ಗುಟುಕು ಕುಡಿದೆ. ಬಾಯೊಳಗೆ ಸಮುದ್ರ ನುಗ್ಗಿದಂತಾಯಿತು. ಕಡೆದ ಮೇಲೆ ಅತ್ತೆ ಉಪ್ಪು ಹಾಕಿಟ್ಟಿದ್ದಾರೆ, ಅದು ತಿಳಿಯದೆ ಸೊಸೆ ಮತ್ತೆ ಹಾಕಿದ್ದಾಳೆ. ಅಷ್ಟೇ ತಾನೆ, ಯಾವ ಮನೆಯಲ್ಲಿ ಆಗುವುದಿಲ್ಲ ಎಂದುಕೊಂಡು ಸುಕನ್ಯಳ ಕಡೆ ನೋಡಿದೆ. ಅವಳು ಕಂಬಕ್ಕೆ ಒರಗಿ ನಿಂತು ತನ್ನ ಲೋಟವನ್ನು ಒಂದೇ ಉಸಿರಿಗೆ ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ತಣ್ಣಗೈತಲ್ವಾ ಅಕ್ಕ?" ಎಂದಳು. ಮುಖ ಕಿವುಚಲಿಲ್ಲ, ಕಣ್ಣು ಮಿಟುಕಿಸಲಿಲ್ಲ.

ನಾನು ದ್ಯಾವೀರಮ್ಮನ ಕಡೆ ತಿರುಗಿದೆ. ಅವರೂ ಒಂದು ಗುಟುಕು ಕುಡಿದು ಕಣ್ಣು ಬಿಗಿಯಾಗಿ ಮುಚ್ಚಿದ್ದರು. ಆಮೇಲೆ ಕಣ್ಣು ತೆರೆದು ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಲೋಟವನ್ನು ಎತ್ತಿ ಪೂರ್ತಿ ಕುಡಿದರು. ಕುಡಿದು, ನೆಲ ನೋಡುತ್ತಾ, "ಬುಧವಾರದ ಹೊತ್ತಿಗೆ ಉಪ್ಪು ಹೋಗಬೈದು. ಕರೀತೀನಿ, ಬರುವಿಯಂತೆ," ಎಂದರು.

ನನ್ನ ತಲೆಯೊಳಗೆ ಏನೋ ಸರಕ್ಕನೆ ಸರಿದು ಕೂತಿತು. ಗೊಬ್ಬರದ ಗುಂಡಿ ನೋಡುವ ನೆಪ ಹೇಳಿ ಹಿತ್ತಿಲಿಗೆ ಹೋದೆ. ಸುಕನ್ಯ ಬಾಸಿಂಗಿಗೆ ಹುಲ್ಲು ಹಾಕುತ್ತಿದ್ದಳು. ಹಸು ಹುಲ್ಲು ಬಿಟ್ಟು ಅವಳ ತೋಳನ್ನೇ ನೆಕ್ಕುತ್ತಿತ್ತು. "ಯಾವಾಗ ಹೋಯ್ತು?" ಎಂದು ಕೇಳಿದೆ. ಯಾವುದು ಎಂದು ಅವಳು ಕೇಳಲಿಲ್ಲ. ಹುಲ್ಲಿನ ಕಂತೆ ಕೈಯಲ್ಲೇ ಉಳಿಯಿತು.

"ಇವತ್ತು ಬೆಳಗ್ಗೆ. ಹಲ್ಲುಜ್ಜಿ ಉಪ್ಪಿಟ್ಟು ಬಾಯಿಗೆ ಹಾಕ್ಕೊಂಡಾಗ," ಎಂದಳು.

"ಯಾವಾಗಿಂದ ಹಿಂಗೆ?"

"ಅತ್ತೆ ಬಿದ್ದ ಮೇಲಿಂದ ಅಕ್ಕ. ಪ್ರತಿಸಲಾನೂ ಅವರು ಹೇಳೋಕಿಂತ ಮೂರು ದಿನ ಮುಂಚೆ ಹೋಗ್ತೈತೆ."

"ಬಾಯಿಗೆ ಬೀಗ ಹಾಕ್ಕೊಂಡಿದ್ದೇನೇ? ಹಸ ಹೋಗೋ ಕಾಲ ಬಂತು, ಒಂದು ಮಾತು ಹೇಳಬಾರದಾ?"

"ಹೆಂಗ್ ಹೇಳ್ಲಿ?" ಅವಳು ಹುಲ್ಲಿನ ಕಂತೆಯನ್ನು ಕೆಳಗಿಟ್ಟಳು. "ಉಪ್ಪಿನವರು ಸತ್ತರೆ ತಾನೆ ದಾಟೋದು ಅಂತಾರೆ? ನಂಗೆ ಬಂದೈತೆ ಅಂದ್ರೆ, ನೀವು ಸತ್ತಂಗೇ ಅಂತ ಮುಖಕ್ಕೆ ಹೇಳ್ದಂಗಲ್ವಾ? ಹಾಸಿಗೇಲಿ ಬಿದ್ದಿದ್ರಲ್ಲ, ಬಾಸಿಂಗಿ ತಿಂತಾ, ಬಾಸಿಂಗಿ ಮಲಗ್ತಾ ಅಂತ ದಿನಾ ಕೇಳೋರು. ಎಲ್ಲ ಹೋಗಿ ಅವರಿಗೆ ಅದೊಂದೇ ಉಳಿದಿತ್ತು. ಅದನ್ನೂ ನಾನು ಕಿತ್ಕೊಳ್ಲಾ? ಅಡಿಗೆಗೆ ಚಮಚದಲ್ಲಿ ಅಳೆದು ಉಪ್ಪು ಹಾಕ್ತೀನಿ, ಯಾರಿಗೂ ಗೊತ್ತಾಗಿಲ್ಲ. ಅವರೇ ಸರಿ ಇರಬೈದು, ನನ್ನ ನಾಲಿಗೇನೇ ತಪ್ಪಿರಬೈದು ಅಂತಾನೂ ಅಂದ್ಕೊಂಡೆ."

ನನಗೆ ಅವಳ ಮೇಲೆ ಸಿಟ್ಟೂ ಬಂತು, ಅವಳನ್ನು ತಬ್ಬಿಕೊಳ್ಳಬೇಕು ಎಂದೂ ಅನ್ನಿಸಿತು. ಪ್ರೀತಿ ಇದ್ದರೆ ಸಾಲದು, ಅದಕ್ಕೆ ಸ್ವಲ್ಪ ಬುದ್ಧಿಯನ್ನೂ ಸೇರಿಸಿಕೊಳ್ಳಬೇಕು. ಈ ಹುಡುಗಿ ಅತ್ತೆಯ ಮಾನ ಕಾಯಲು ಹೋಗಿ ಅತ್ತೆಯ ಹಸುವನ್ನೇ ಕಳೆಯಲು ಹೊರಟಿದ್ದಳು. ನಾನೇ ಹೋಗಿ ಮರಿಸ್ವಾಮಿಗೆ ಹೇಳಿದ್ದರೆ ನನ್ನ ಕೈಯ ಮೇಲಿನ ಅಪವಾದ ಆ ಕ್ಷಣಕ್ಕೇ ತೊಳೆದುಹೋಗುತ್ತಿತ್ತು. ಹೇಳಿಬಿಡಲೇ ಎಂದು ಒಂದು ನಿಮಿಷ ಯೋಚಿಸಿದೆ. ದೇವರಾಣೆ ಯೋಚಿಸಿದೆ. ಆದರೆ ದ್ಯಾವೀರಮ್ಮ ಆ ಮಜ್ಜಿಗೆಯನ್ನು ತಳ ಕಾಣುವವರೆಗೆ ಕುಡಿದದ್ದು ಕಣ್ಣಿಗೆ ಕಟ್ಟಿತ್ತು. ಜಗಲಿಗೆ ವಾಪಸ್ಸು ಬಂದು ಮಂಚದ ತುದಿಯಲ್ಲಿ ಕೂತೆ.

"ದೊಡ್ಡವ್ವ, ಮಜ್ಜಿಗೆ ಹೆಂಗಿತ್ತು?" ಎಂದು ಕೇಳಿದೆ.

ರಸ್ತೆಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಗಾಡಿಯೊಂದು ಹಾದುಹೋಯಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಅವರು ಅದನ್ನೇ ನೋಡಿದರು. ಅವರ ತುಟಿ ಉಪ್ಪಿಗೆ ಬಿರಿದು ಬೆಳ್ಳಗಾಗಿತ್ತು. ಕೊನೆಗೆ ನನ್ನ ಮುಖ ನೋಡದೆ ಹೇಳಿದರು, "ಸಪ್ಪೆ ಇತ್ತು. ನಾನಾಗ ಬುಧವಾರ ಅಂದೆ ನೋಡು, ಮರೆವು. ಇವತ್ತು ಬೆಳಗ್ಗೆಯಿಂದ್ಲೇ ಹೋಗೈತೆ. ಸಂಜೆ ಬಂದ್ಬುಡು." ಅಷ್ಟು ಹೇಳಿ ನೀರು ಕೇಳಿದರು. ಎರಡು ಚೊಂಬು ನೀರು ಗಟಗಟ ಕುಡಿದರು. ನಾನು ಬೇರೆ ಕಡೆ ನೋಡಿದೆ.

ಸಂಜೆ ಐದಕ್ಕೆ ಹೋದೆ. ಕ್ಯಾನಿನಿಂದ ವೀರ್ಯ ತುಂಬಿದ ಕಡ್ಡಿ ತೆಗೆದು, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಬಿಟ್ಟು, ಒರೆಸಿ, ಇಂಜೆಕ್ಷನ್ನಿನ ಉದ್ದ ಗನ್ನಿಗೆ ಹಾಕಿದೆ. ಸಾವಿರಾರು ಸಲ ಮಾಡಿದ ಕೆಲಸ. ಅಂದು ಮಾತ್ರ ಭುಜದವರೆಗಿನ ಗ್ಲೌಸನ್ನು ಎರಡು ಸಲ ತೆಗೆದು ಹಾಕಿಕೊಂಡೆ. ಸುಕನ್ಯ ಹಸುವಿನ ಮುಖವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ದ್ಯಾವೀರಮ್ಮ ಕೋಲೂರಿಕೊಂಡು ಕೊಟ್ಟಿಗೆಯ ಬಾಗಿಲಲ್ಲಿದ್ದರು. ಅತ್ತೆ ಸೊಸೆ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ನಾನು ಆತುರಪಡದೆ, ಐದರವರೆಗೆ ಎಣಿಸುತ್ತಾ ನಿಧಾನವಾಗಿ ಬಿಟ್ಟೆ. ಬಾಸಿಂಗಿ ಒಮ್ಮೆ ಬಾಲ ಬೀಸಿ ಸುಮ್ಮನಾಯಿತು.

ಇಪ್ಪತ್ತೆರಡನೆಯ ದಿನದ ಸಂಜೆ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಯಾರೂ ಕರೆಯದಿದ್ದರೂ ಹೋದೆ. ಅಂಗಳದಲ್ಲಿ ದಲ್ಲಾಳಿ ನಿಂಗಯ್ಯ ಹೊಸ ಹಗ್ಗ ಹೆಗಲಿಗೆ ಹಾಕಿಕೊಂಡು ಕಲ್ಲಿನ ಮೇಲೆ ಕೂತಿದ್ದ. ಮರಿಸ್ವಾಮಿ ಜಗಲಿಯ ಮಂಚದ ಮೇಲೆ ಕೂತಿದ್ದ ತಾಯಿಯ ಮುಂದೆ ನಿಂತಿದ್ದ. ಸುಕನ್ಯ ಹೊಸಿಲ ಮೇಲಿದ್ದಳು.

"ಹೇಳವ್ವ, ಹೋಯ್ತಾ?" ಎಂದು ಅವನು ಕೇಳಿದ.

"ಇಲ್ಲ ಕಣಪ್ಪ, ಉಪ್ಪು ಐತೆ. ನಿಂತೈತೆ ಬಾಸಿಂಗಿ. ಕಳಿಸು ನಿಂಗಯ್ಯನ," ಎಂದರು ದ್ಯಾವೀರಮ್ಮ. ಅವರ ದನಿ ಎತ್ತರದಲ್ಲಿತ್ತು. ಆದರೆ ಅವರಿಗೆ ಏನೂ ಗೊತ್ತಿಲ್ಲ ಎಂದು ನನಗೆ ಗೊತ್ತಿತ್ತು. ಅವರ ನಾಲಿಗೆಯಲ್ಲಿ ಉಪ್ಪು ಯಾವಾಗಲೂ ಇತ್ತಲ್ಲ.

ಮರಿಸ್ವಾಮಿ ತಲೆ ಕೊಡವಿದ. ಅವನಿಗೂ ಸಂಕಟವಾಗಿತ್ತು, ಮುಖ ಕಪ್ಪಿಟ್ಟಿತ್ತು. "ಅವ್ವ, ನಿನ್ನ ಮಾತು ನಂಬಿ ನಾಲ್ಕು ಸಲ ಮಾಡಿಸ್ದೆ. ನಾಲ್ಕೂ ಹೋಯ್ತು. ರಾಜಮಣಕ್ಕನ ಕೈ ಕೆಟ್ಟಿದ್ರೆ ಊರಿನ ಹಸಗಳೆಲ್ಲ ಬರಡಾಗಬೇಕಿತ್ತು, ಆಗಿಲ್ಲ. ಇನ್ನು ಉಳಿದದ್ದು ಎರಡೇ. ನಿನ್ನ ನಾಲಿಗೆ ನಿಜ ಆದ್ರೆ ಹಸ ಬಂಜೆ, ಇವತ್ತಲ್ಲ ನಾಳೆ ಉಪ್ಪು ಹೋಗೇ ಹೋಗ್ತೈತೆ, ಈಗ್ಲೇ ಮಾರಿಬಿಡ್ತೀನಿ. ಹಸ ಸರಿ ಐತೆ ಅಂದ್ರೆ ನಿನ್ನ ನಾಲಿಗೆ ಸುಳ್ಳು. ಯಾವುದವ್ವ? ಒಂದು ಹೇಳು."

ಅವನು ಸಿಟ್ಟಿನಿಂದ ಕೇಳಿರಲಿಲ್ಲ, ದಾರಿ ಕಾಣದೆ ಕೇಳಿದ್ದ. ದ್ಯಾವೀರಮ್ಮ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನಿಂಗಯ್ಯ ಎದ್ದು ಹಗ್ಗ ಸರಿಮಾಡಿಕೊಂಡ. ಕೊಟ್ಟಿಗೆಯೊಳಗೆ ಬಾಸಿಂಗಿ ಹುಲ್ಲು ಮೇಯುವ ಸದ್ದು ಕೇಳಿಸುತ್ತಿತ್ತು.

"ನನ್ನ ನಾಲಿಗೆ ಸುಳ್ಳು," ಎಂದರು.

ಮರಿಸ್ವಾಮಿಗೆ ಅರ್ಥವಾಗಲಿಲ್ಲ. ಅವರೇ ಮುಂದುವರಿಸಿದರು. "ಬಿದ್ದ ಮೇಲೆ ಒಂದ್ ಸಲಾನೂ ನಂಗೆ ಉಪ್ಪು ಹೋಗಿಲ್ಲ ಕಣ್ಲಾ. ದಿನಾ ಬೆಳಗ್ಗೆ ಮುಖ ತೊಳೆಯೋಕೆ ಮುಂಚೆ ಒಂದು ಹರಳು ಬಾಯಿಗೆ ಹಾಕ್ಕೊಂಡು ನೋಡ್ತಿದ್ದೆ, ಇವತ್ತಾದ್ರೂ ಮರಳಾಗ್ಲಿ ಅಂತ. ದಿನಾ ಉಪ್ಪೇ. ಬಾಸಿಂಗಿ ನನ್ನ ಬಿಟ್ಟಳು ಅಂತ ಗೊತ್ತಾಯ್ತು, ಹೇಳೋಕೆ ಬಾಯಿ ಬರಲಿಲ್ಲ. ಕ್ಯಾಲೆಂಡರ್ ನೋಡಿ ಎಣಿಸಿ ಹೇಳ್ತಿದ್ದೆ. ಹಾಸಿಗೇಲಿ ಬಿದ್ದಿದ್ದಾಗಲೇ ಎಣಿಕೆ ತಪ್ಪಿತ್ತು. ಹಸಿನದೂ ತಪ್ಪಿಲ್ಲ, ರಾಜಮಣೀದೂ ತಪ್ಪಿಲ್ಲ. ಉಪ್ಪು ಇರೋದು ಅಗೋ ಅವಳ ನಾಲಿಗೇಲಿ. ಕೇಳೋದಿದ್ರೆ ಅವಳನ್ನ ಕೇಳು."

ಎಲ್ಲರೂ ಸುಕನ್ಯಳ ಕಡೆ ತಿರುಗಿದೆವು. ಅವಳು ಅತ್ತೆಯನ್ನೇ ನೋಡುತ್ತಿದ್ದಳು. ಇಷ್ಟು ತಿಂಗಳು ಕಾಪಾಡಿಕೊಂಡು ಬಂದದ್ದನ್ನು ಅತ್ತೆಯೇ ಅಂಗಳಕ್ಕೆ ಎಸೆದಿದ್ದರು.

"ಹೇಳೇ," ಎಂದರು ದ್ಯಾವೀರಮ್ಮ. ಬೈಯುವ ದನಿಯಲ್ಲೇ ಹೇಳಿದರು, ಆದರೆ ದನಿ ಅರ್ಧಕ್ಕೇ ಒಡೆಯಿತು. "ನಾನೇನು ಸಾಯಲ್ಲ. ಹೇಳು."

"ಹೋಗಿಲ್ಲ," ಎಂದಳು ಸುಕನ್ಯ. "ನಿನ್ನೇನೂ ಹೋಗಿಲ್ಲ, ಇವತ್ತೂ ಹೋಗಿಲ್ಲ. ಗಳಿಗೆಗೊಂದ್ಸಲ ಡಬ್ಬಕ್ಕೆ ಕೈ ಹಾಕಿ ನೋಡಿದೀನಿ. ಈಗ ಅಳ್ತಿದೀನಲ್ಲ, ಇದೂ ಉಪ್ಪೇ ಐತೆ."

ನಿಂಗಯ್ಯ ಹಗ್ಗ ಸುತ್ತಿಕೊಂಡ. ವ್ಯಾಪಾರ ಮುರಿದ ದಲ್ಲಾಳಿಯೂ ಮನುಷ್ಯನೇ. "ಬರ್ತೀನಿ ತಾಯಿ," ಎಂದು ದ್ಯಾವೀರಮ್ಮನಿಗೆ ಕೈ ಮುಗಿದು ಹೋದ. ಮರಿಸ್ವಾಮಿ ಅವನು ಬಿಟ್ಟುಹೋದ ಕಲ್ಲಿನ ಮೇಲೆ ತಾನೇ ಕುಸಿದು ಕೂತ. ಮೂರನೆಯ ತಿಂಗಳು ನಾನು ಕೈ ಹಾಕಿ ನೋಡಿ, ಕರು ಇರುವುದನ್ನು ಖಾತ್ರಿ ಮಾಡಿಕೊಂಡೆ. ಡೇರಿಯ ಸಾಲಿನಲ್ಲಿ ಮಾತನಾಡುವವರಿಗೆ ಬೇರೆ ವಿಷಯ ಸಿಕ್ಕಿತು. ಆದರೆ ನನಗೆ ಇಂದಿಗೂ ನೆನಪಿರುವುದು ಆ ಸಂಜೆ.

ನಿಂಗಯ್ಯ ಹೋದ ಮೇಲೆ ನಾನು ಸ್ಕೂಟರಿನ ಕಡೆ ಹೊರಟೆ. ದ್ಯಾವೀರಮ್ಮ ಮಂಚದಿಂದ ಏಳಲು ನೋಡಿ, ಆಗದೆ ಮತ್ತೆ ಕೂತರು. ಸೊಸೆಯ ಕಡೆ ಕತ್ತೆತ್ತಿ, ನಾನು ಎಂದೂ ಕೇಳಿರದಷ್ಟು ಸಣ್ಣ ದನಿಯಲ್ಲಿ, "ಸುಕನ್ಯ, ನಾನು ದಿನಕ್ಕೊಂದ್ಸಲ ಕೊಟ್ಟಿಗೆಗೆ ಬಂದು ನೋಡ್ಕೊಂಡ್ ಹೋಗಬೈದಾ?" ಎಂದು ಕೇಳಿದರು. ನಲವತ್ತು ವರ್ಷ ಆ ಕೊಟ್ಟಿಗೆಯನ್ನು ಆಳಿದವರು, ಅಪ್ಪಣೆ ಕೇಳುತ್ತಿದ್ದರು. ನನಗೆ ನಿಲ್ಲಲಾಗಲಿಲ್ಲ, ಹೋಗಲೂ ಆಗಲಿಲ್ಲ.

ಸುಕನ್ಯ ಕಣ್ಣೊರೆಸಿಕೊಂಡು ಒಳಗೆ ಹೋದಳು. ಒಂದು ಕೈಯಲ್ಲಿ ಹಾಲು ಕರೆಯುವ ಚೆಂಬು, ಇನ್ನೊಂದರಲ್ಲಿ ಅಡಿಗೆಮನೆಯ ಎತ್ತರದ ಸ್ಟೂಲು ಹಿಡಿದು ಬಂದಳು. ಚೆಂಬನ್ನು ಅತ್ತೆಯ ಮಡಿಲಲ್ಲಿಟ್ಟು ಅವರ ತೋಳಿಗೆ ತೋಳು ಕೊಟ್ಟಳು.

"ನೋಡೋಕ್ ಯಾಕೆ ಬರ್ತೀರಿ, ಏಳಿ," ಎಂದಳು. "ನಾನು ಕೆಚ್ಚಲು ಎಳೆಯೋದು ಸರಿಯಾಗಿಲ್ಲ ಅಂತ ಬೈಯೋರಿಲ್ಲದೆ ನಾಲ್ಕು ತಿಂಗಳಾಯ್ತು."